ಓಆರ್‌ಎಸ್: ಹೆಸರು ಹೇಳಿ ಕೇಳಿ, ಅಳೆದು ಕಲಸಿ

ಅರಸೀಕೆರೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಇಪ್ಪತ್ತೆರಡು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ಮಾವಿನ ಹಣ್ಣು ಬರುವ ಹೊತ್ತಿಗೆ, ಆಮೇಲೆ ಮೊದಲ ಮಳೆ ಬಿದ್ದು ನಲ್ಲಿ ನೀರು ಕೆಂಪಗಾಗುವ ಹೊತ್ತಿಗೆ, ದಿನಕ್ಕೆ ನಾಲ್ಕೈದು ಜನ ಒಂದೇ ಮಾತು ಹೇಳಿಕೊಂಡು ಬರುತ್ತಾರೆ. "ಮೇಡಂ, ಮಗೂಗೆ ಲೂಸ್ ಮೋಷನ್. ತಕ್ಷಣ ನಿಲ್ಲೋ ಥರ ಏನಾದ್ರೂ ಕೊಡಿ." ನಾನು ಓಆರ್‌ಎಸ್ ಪ್ಯಾಕೆಟ್, ಅಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿ, ತೆಗೆದು ಇಡುತ್ತೇನೆ. ಅವರು ಅದನ್ನೊಮ್ಮೆ ನೋಡುತ್ತಾರೆ, ನನ್ನನ್ನೊಮ್ಮೆ ನೋಡುತ್ತಾರೆ. "ಇದೊಂದೇನಾ?"

ಆ "ಇದೊಂದೇನಾ"ಗೆ ಹೆದರಿ ನಾನು ಎಷ್ಟೋ ವರ್ಷ ಪ್ಯಾಕೆಟ್ ಜೊತೆಗೆ ಯಾವುದಾದರೊಂದು ಸಿರಪ್ ಸೇರಿಸಿ ಕೊಡುತ್ತಿದ್ದೆ. ಕೆಲವು ಸಲ ಸಿರಪ್ ಮಾತ್ರ ಹೋಗುತ್ತಿತ್ತು, ಪ್ಯಾಕೆಟ್ ಕೌಂಟರಿನ ಮೇಲೇ ಉಳಿಯುತ್ತಿತ್ತು. ಇಪ್ಪತ್ತು ಇಪ್ಪತ್ತೈದು ರೂಪಾಯಿಯ ಪುಡಿ ಮಗುವನ್ನು ಉಳಿಸುತ್ತದೆ ಅಂತ ಯಾರಿಗೆ ನಂಬಿಕೆ ಬರುತ್ತದೆ ಹೇಳಿ.

ಇದು ನಮ್ಮ ಅಂಗಡಿಯ ಕಥೆ ಮಾತ್ರ ಅಂದುಕೊಂಡಿದ್ದೆ. 2024ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅದು ನಡೆದದ್ದು ಕರ್ನಾಟಕ ಮತ್ತು ಬಿಹಾರದ 253 ಊರುಗಳಲ್ಲಿ, ಹೆಚ್ಚು ಕಡಿಮೆ ನಮ್ಮ ಊರಿನಂಥ ಊರುಗಳಲ್ಲಿ. ತರಬೇತಿ ಪಡೆದ ಜನ 2,282 ಖಾಸಗಿ ಡಾಕ್ಟರು, ಮೆಡಿಕಲ್ ಶಾಪಿನವರ ಹತ್ತಿರ ಹೋಗಿ, ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ ಅಂತ ಹೇಳಿದರು. ಕೆಲವರು ಸುಮ್ನೆ ಔಷಧ ಕೇಳಿದರು. ಕೆಲವರು ಓಆರ್‌ಎಸ್ ಬೇಕು ಅಂತಲೇ ಕೇಳಿದರು. ಒಂದಷ್ಟು ಕಡೆ ಮುಂಚೆಯೇ ಓಆರ್‌ಎಸ್ ಅನ್ನು ಪುಕ್ಕಟೆ ಕೊಟ್ಟು ಬಂದಿದ್ದರು, ಸ್ಟಾಕ್ ಇಲ್ಲ ಅನ್ನುವ ನೆಪ ಇರಬಾರದು ಅಂತ.

ಫಲಿತಾಂಶ ಓದಿ ನನಗೆ ಮುಖ ಕೆಂಪಾಯಿತು. ಓಆರ್‌ಎಸ್ ಕೊಡದಿರುವುದಕ್ಕೆ ಸ್ಟಾಕ್ ಇಲ್ಲದಿರುವುದು ಶೇ. 6ರಷ್ಟು ಕಾರಣ. ಬೇರೆ ಔಷಧ ಮಾರಿದರೆ ಲಾಭ ಜಾಸ್ತಿ ಅನ್ನುವುದು ಶೇ. 5. ಗಿರಾಕಿಗೆ ಓಆರ್‌ಎಸ್ ಬೇಡ ಅಂತ ಕೊಡುವವರೇ ಅಂದುಕೊಳ್ಳುವುದು ಶೇ. 42. ಬಂದವರು ಬಾಯಿಬಿಟ್ಟು ಓಆರ್‌ಎಸ್ ಕೇಳಿದಾಗ, ನೂರರಲ್ಲಿ ಇನ್ನೂ 27 ಮಂದಿ ಜಾಸ್ತಿ ಕೊಟ್ಟರು. ಅವರು ನನ್ನ ಅಂಗಡಿಗೆ ಬಂದಿರಲಿಲ್ಲ. ಬಂದಿದ್ದರೆ ನಾನೂ ಸಿಕ್ಕಿಬೀಳುತ್ತಿದ್ದೆ.

ಹಾಗಾಗಿ ಮೊದಲ ಕೆಲಸ ನಿಮ್ಮದು. ಹೆಸರು ಹೇಳಿ ಕೇಳಿ. "ಓಆರ್‌ಎಸ್ ಪೌಡರ್ ಕೊಡಿ, ಡಬ್ಲ್ಯೂಎಚ್‌ಓ ಫಾರ್ಮುಲಾದ್ದು. ಮಗುಗೆ, ಜಿಂಕ್ ಮಾತ್ರೆನೂ ಕೊಡಿ." ಇಷ್ಟು ಸಾಕು. ಡಬ್ಲ್ಯೂಎಚ್‌ಓ ಅಂದರೆ ವಿಶ್ವ ಆರೋಗ್ಯ ಸಂಸ್ಥೆ. ಡಾಕ್ಟರ್ ಹತ್ತಿರ ಹೋದರೂ ಇದೇ ಮಾತು. "ಗ್ಲೂಕೋಸ್ ಹಾಕಿ" ಅಂತ ಕೇಳುವ ಬದಲು "ಓಆರ್‌ಎಸ್ ಕುಡಿಸಿದರೆ ಸಾಕಾ ಡಾಕ್ಟ್ರೇ?" ಅಂತ ಕೇಳಿ ನೋಡಿ.

ಡಬ್ಬಿ ತಿರುಗಿಸಿ ಓದಿ

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. 2023ರಲ್ಲಿ ನನ್ನ ನಾದಿನಿಯ ಮಗನಿಗೆ ವಾಂತಿ ಭೇದಿ. ಮೂರು ವರ್ಷದ ಹುಡುಗ. ಅವಳು ನಮ್ಮ ಅಂಗಡಿಯಿಂದಲೇ ಮೂರು ಟೆಟ್ರಾ ಪ್ಯಾಕ್ ತಗೊಂಡು ಹೋದಳು. ಸೇಬಿನ ರುಚಿ, ಸ್ಟ್ರಾ ಬೇರೆ ಅಂಟಿಸಿದ್ದರು, ಹೆಸರಲ್ಲಿ ಓಆರ್‌ಎಸ್ ಅಂತ ದಪ್ಪ ಅಕ್ಷರ. ಹುಡುಗ ಖುಷಿಯಿಂದ ಕುಡಿದ. ಭೇದಿ ಇನ್ನೂ ಜಾಸ್ತಿಯಾಯಿತು. ರಾತ್ರಿ ಎಂಟಕ್ಕೆ ಆಸ್ಪತ್ರೆ, ಡ್ರಿಪ್ಸ್. ಮಕ್ಕಳ ಡಾಕ್ಟರ್ ಖಾಲಿ ಡಬ್ಬಿ ತರಿಸಿಕೊಂಡು ತಿರುಗಿಸಿ ನನಗೇ ಕೊಟ್ಟರು. "ಓದಿ." ಇರುವೆ ಸಾಲಿನಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಇದು ಡಬ್ಲ್ಯೂಎಚ್‌ಓ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ.

ನಾನು ಫಾರ್ಮಸಿಸ್ಟ್. ಆ ಡಬ್ಬಿಗಳನ್ನು ಕೇಸ್‌ಗಟ್ಟಲೆ ಮಾರಿದ್ದೆ. ಆ ಸಾಲನ್ನು ಓದಿರಲಿಲ್ಲ.

ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಇದರ ವಿರುದ್ಧ ಸುಮಾರು ಎಂಟು ವರ್ಷ ಗುದ್ದಾಡಿದರು. ಕೊನೆಗೆ 2025ರ ಅಕ್ಟೋಬರ್ 14ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿತು. ಆಹಾರ ಪಾನೀಯಗಳ ಹೆಸರಿನಲ್ಲಿ, ಹಿಂದೆ ಮುಂದೆ ಏನೇ ಸೇರಿಸಿದರೂ, ಓಆರ್‌ಎಸ್ ಅನ್ನುವ ಪದ ಬಳಸುವಂತಿಲ್ಲ ಅಂತ. ಚಿಕ್ಕ ಅಕ್ಷರದ ಸಾಲು ಹಾಕಿದರೆ ಸಾಕು ಅಂತ ಮುಂಚೆ ಕೊಟ್ಟಿದ್ದ ಅನುಮತಿಯನ್ನೂ ಅದೇ ಆದೇಶದಲ್ಲಿ ವಾಪಸ್ ಪಡೆಯಿತು. ಒಳ್ಳೆಯದೇ ಆಯಿತು. ಆದರೆ ಹೆಸರು ಹೋದ ಮಾತ್ರಕ್ಕೆ ಅಭ್ಯಾಸ ಹೋಗುವುದಿಲ್ಲ. ಅದೇ ಬಣ್ಣದ ಡಬ್ಬಿ ತೋರಿಸಿ "ಅದೇ ಕೊಡಿ" ಅನ್ನುವವರು ಈಗಲೂ ಬರುತ್ತಾರೆ.

ಸರಿಯಾದದ್ದನ್ನು ಗುರುತಿಸುವುದು ಕಷ್ಟವಲ್ಲ. ಪ್ಯಾಕೆಟ್ ಮೇಲೆ "ಓರಲ್ ರಿಹೈಡ್ರೇಷನ್ ಸಾಲ್ಟ್ಸ್ ಐ.ಪಿ." ಅಂತ ಇಂಗ್ಲಿಷಿನಲ್ಲಿ ಇರಬೇಕು. ಕೊನೆಯ ಆ ಎರಡು ಅಕ್ಷರ ಅಂದರೆ ಇಂಡಿಯನ್ ಫಾರ್ಮಕೋಪಿಯಾ. ಔಷಧ ತಯಾರಿಕೆಯ ಲೈಸೆನ್ಸ್ ನಂಬರ್ ಇರಬೇಕು. ಬಿಸ್ಕತ್ತು, ಚಿಪ್ಸ್ ಪೊಟ್ಟಣದ ಮೇಲೆ ಇರುತ್ತದಲ್ಲ, ಆ ಎಫ್‌ಎಸ್‌ಎಸ್‌ಎಐ ಗುರುತು ಕಂಡರೆ ಅದು ಆಹಾರ, ಔಷಧವಲ್ಲ, ವಾಪಸ್ ಇಡಿ. ಆಮೇಲೆ ಒಳಗೇನಿದೆ ಅನ್ನುವ ಪಟ್ಟಿ. ಒಂದು ಲೀಟರಿಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಗ್ಲೂಕೋಸನ್ನು ಡೆಕ್ಸ್‌ಟ್ರೋಸ್ ಅಂತಲೂ ಬರೆದಿರುತ್ತಾರೆ, ಎರಡೂ ಒಂದೇ. ನಾಲ್ಕೂ ಸೇರಿ 20.5 ಗ್ರಾಂ. ಎಲ್ಲ ನೆನಪಿಟ್ಟುಕೊಳ್ಳಬೇಕಿಲ್ಲ, 2.6 ಮತ್ತು 13.5 ಎರಡು ಸಾಕು.

ಟೆಟ್ರಾ ಪ್ಯಾಕ್ ಅಂದಮಾತ್ರಕ್ಕೆ ಎಲ್ಲವೂ ಮೋಸ ಅಲ್ಲ. ಇದೇ ಅಳತೆಯಲ್ಲಿ ಕಲಸಿ ತುಂಬಿದ ನಿಜವಾದ ಓಆರ್‌ಎಸ್ ಕೂಡ ಡಬ್ಬಿಯಲ್ಲಿ ಬರುತ್ತದೆ. ಪ್ರಯಾಣದಲ್ಲಿ ಅನುಕೂಲ. ನೀರಿಗಿಷ್ಟು ದುಡ್ಡು ಕೊಡಬೇಕಾ ಅನ್ನುವುದು ನಿಮಗೆ ಬಿಟ್ಟದ್ದು.

ಉಪ್ಪಿನಕಾಯಿ ಲೆಕ್ಕ

ಸಕ್ಕರೆ ಸ್ವಲ್ಪ ಜಾಸ್ತಿಯಾದರೆ ಏನಾಗುತ್ತದೆ, ಶಕ್ತಿ ಬರುತ್ತದಲ್ವಾ ಅಂತ ಕೇಳುತ್ತಾರೆ. ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲು ಇದೆ ಅಂದುಕೊಳ್ಳಿ. ಉಪ್ಪು, ಗ್ಲೂಕೋಸ್ ಎರಡೂ ಜೋಡಿಯಾಗಿ ಬಂದರೆ ಮಾತ್ರ ಅದು ತೆರೆಯುತ್ತದೆ. ಅವು ಒಳಗೆ ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ಬಂದು ಕರುಳು ನೀರು ಸುರಿಸುತ್ತಿರುವಾಗಲೂ ಈ ಬಾಗಿಲು ಕೆಡುವುದಿಲ್ಲ. ಓಆರ್‌ಎಸ್ ನಿಂತಿರುವುದೇ ಇದರ ಮೇಲೆ.

ಸಕ್ಕರೆ ಅಳತೆ ಮೀರಿದರೆ ಉಲ್ಟಾ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿ ಮುಚ್ಚಿಟ್ಟರೆ ಮಾರನೇ ದಿನ ಜಾಡಿಯಲ್ಲಿ ನೀರು ಬಿಟ್ಟಿರುತ್ತದೆ, ನೋಡಿದ್ದೀರಲ್ಲ? ಉಪ್ಪು ಹೋಳಿನ ನೀರನ್ನು ಎಳೆದುಕೊಂಡಿತು. ಕರುಳಲ್ಲಿ ಜಾಸ್ತಿ ಸಕ್ಕರೆ ಉಳಿದರೆ ಅದೂ ಹೀಗೇ ಮೈಯ ನೀರನ್ನು ಕರುಳಿಗೆ ಎಳೆಯುತ್ತದೆ. ಸಿಹಿ ಪಾನೀಯಗಳಲ್ಲಿ ಸಾಮಾನ್ಯವಾಗಿ ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಓಆರ್‌ಎಸ್‌ನಲ್ಲಿ 13.5. ನಮ್ಮ ಹುಡುಗನಿಗೆ ಆ ರಾತ್ರಿ ಡ್ರಿಪ್ಸ್ ಹಾಕಬೇಕಾಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಡಬ್ಲ್ಯೂಎಚ್‌ಓ ಕೂಡ 2002ರಲ್ಲಿ ತನ್ನ ಹಳೆಯ ಫಾರ್ಮುಲಾದ ಉಪ್ಪು, ಗ್ಲೂಕೋಸ್ ಎರಡನ್ನೂ ಇಳಿಸಿತು. ಇಳಿಸಿದ ಮೇಲೆ ಮಕ್ಕಳಲ್ಲಿ ವಾಂತಿ ಕಡಿಮೆಯಾಯಿತು, ಡ್ರಿಪ್ಸ್ ಹಾಕಬೇಕಾದ ಪ್ರಸಂಗ ಮೂರನೇ ಒಂದರಷ್ಟು ಇಳಿಯಿತು.

ಈ ಪುಡಿಯ ಮೇಲೆ ನನಗೆ ಗೌರವ ಬಂದದ್ದು ಇನ್ನೊಂದು ಕಥೆಯಿಂದ. 1971ರ ಬಾಂಗ್ಲಾ ಯುದ್ಧದ ಕಾಲ. ಪಶ್ಚಿಮ ಬಂಗಾಳದ ಬೊಂಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ. ಡಾಕ್ಟರ್ ದಿಲೀಪ್ ಮಹಲನಾಬಿಸ್ ಅವರ ಹತ್ತಿರ ಡ್ರಿಪ್ಸ್ ಬಾಟಲಿ ಮುಗಿಯುತ್ತಾ ಬಂತು. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳೆದು ಪೊಟ್ಟಣ ಕಟ್ಟಿಸಿದರು, ಡ್ರಮ್ಮಿನಲ್ಲಿ ಕಲಸಿ ನಲ್ಲಿ ಹಾಕಿಟ್ಟರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮಾರನೇ ವರ್ಷ. ಬದುಕಿದ್ದಾಗ ಕೊಡಲಿಲ್ಲ ನೋಡಿ.

ಚೊಂಬು ಎಷ್ಟು ಹಿಡಿಸುತ್ತದೆ?

ಕೊಂಡ ಮೇಲೆ ಕಲಸುವುದು. ಅರ್ಧಕ್ಕರ್ಧ ತಪ್ಪು ಇಲ್ಲೇ ಆಗುವುದು.

ಹಳ್ಳಿಯಿಂದ ಬರುವ ಒಬ್ಬ ಅಜ್ಜಿ ಇದ್ದಾರೆ. ಮೊಮ್ಮಗಳಿಗೆ ದೊಡ್ಡ ಪ್ಯಾಕೆಟ್ ಒಯ್ದಿದ್ದರು. ಮಧ್ಯಾಹ್ನ ಮತ್ತೆ ಬಂದು, "ಮಗು ಕುಡೀತಿಲ್ಲ ಕಣವ್ವಾ, ಉಗೀತದೆ" ಅಂದರು. ಎಷ್ಟು ನೀರು ಹಾಕಿದ್ರಿ ಅಂದೆ. ಲೋಟ ತೋರಿಸುವ ಹಾಗೆ ಕೈ ಮಾಡಿದರು. ಒಂದು ಲೀಟರಿನ ಪುಡಿ ಒಂದು ಲೋಟಕ್ಕೆ! "ಗಟ್ಟಿಯಾಗಿದ್ರೆ ಬೇಗ ಕೆಲಸ ಮಾಡ್ತದೆ ಅಂತ." ಪುಣ್ಯ, ಮಗು ಉಗಿಯಿತು. ಅಷ್ಟು ಉಪ್ಪು ಒಳಗೆ ಹೋದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಇತ್ತ ತೀರಾ ತೆಳ್ಳಗೆ ಮಾಡಿದರೂ ಪ್ರಯೋಜನ ಇಲ್ಲ.

ಆ ದಿನದಿಂದ ನಾನು ಖಾಲಿ ಒಂದು ಲೀಟರ್ ನೀರಿನ ಬಾಟಲಿಯೊಂದನ್ನು ಕೌಂಟರಿನಲ್ಲೇ ಇಟ್ಟುಕೊಂಡಿದ್ದೇನೆ. ದೊಡ್ಡ ಪ್ಯಾಕೆಟ್ ತೂಕ ಸುಮಾರು 21 ಗ್ರಾಂ, ಅದು ಒಂದು ಲೀಟರಿಗೆ. ಚಿಕ್ಕದು ಸುಮಾರು 4 ಗ್ರಾಂ, ಅದು 200 ಎಂ.ಎಲ್.ಗೆ. ಯಾವುದಕ್ಕೆ ಎಷ್ಟು ನೀರು ಅಂತ ಪ್ಯಾಕೆಟ್ ಮೇಲೇ ಇರುತ್ತದೆ, ಅದನ್ನೇ ನೋಡಿ. ಮನೆಯ ಲೋಟ, ಚೊಂಬುಗಳನ್ನು ನಂಬಬೇಡಿ. ನಮ್ಮ ಮನೆಯ ಚೊಂಬು ಅಳೆದರೆ ಮುಕ್ಕಾಲು ಲೀಟರ್, ನಮ್ಮ ಅತ್ತೆಯದು ಒಂದೂಕಾಲು. ಚಿಕ್ಕ ಪ್ಯಾಕೆಟ್ಟಿಗಾದರೆ, 200 ಎಂ.ಎಲ್.ನ ಜ್ಯೂಸ್ ಡಬ್ಬಿಯೊಂದನ್ನು ತೊಳೆದು, ಅದರ ತುಂಬ ನೀರು ಹಿಡಿದು, ಒಂದು ಸ್ಟೀಲ್ ಲೋಟಕ್ಕೆ ಸುರಿಯಿರಿ. ಎಲ್ಲಿಗೆ ಬರುತ್ತದೋ ಅಲ್ಲಿ ಹೊರಗಿನಿಂದ ಮೊಳೆಯಲ್ಲಿ ಒಂದು ಗೀರು ಹಾಕಿ. ಆ ಡಬ್ಬಿಗಳಿಗೆ ನಾನು ಕಂಡುಕೊಂಡ ಉಪಯೋಗ ಇದೊಂದೇ.

ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ನೀರು ಕಾಯಿಸಿ ಆರಿಸಿದ್ದು. ಅಳೆದ ನೀರನ್ನು ತೊಳೆದ ಪಾತ್ರೆಗೆ ಹಾಕಿ, ಪ್ಯಾಕೆಟ್ ಪೂರ್ತಿ ಸುರಿದು, ಪುಡಿ ತಳದಲ್ಲಿ ನಿಲ್ಲದ ಹಾಗೆ ಚಮಚದಿಂದ ಕದಡಿ. ದೊಡ್ಡ ಪ್ಯಾಕೆಟ್ಟಿನಲ್ಲಿ ಸ್ವಲ್ಪ ಈಗ, ಸ್ವಲ್ಪ ನಾಳೆ ಅಂತ ಮಾಡಬೇಡಿ. ನಾಲ್ಕು ಬಗೆಯ ಪುಡಿ ಇರುವುದರಿಂದ ಅರ್ಧ ತೆಗೆದರೆ ಎಲ್ಲವೂ ಅರ್ಧರ್ಧ ಬರುತ್ತದೆ ಅನ್ನುವಂತಿಲ್ಲ. ಕಲಸಿದ ಮೇಲೆ ನೀವೇ ಒಂದು ಚಮಚ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪು ಅನ್ನಿಸಿದರೆ ಅಳತೆ ತಪ್ಪಿದೆ, ಚೆಲ್ಲಿ ಹೊಸದು ಮಾಡಿ. ಸಕ್ಕರೆ, ಹಾಲು, ಜ್ಯೂಸ್ ಏನನ್ನೂ ಸೇರಿಸಬೇಡಿ. ಕಲಸಿದ ಮೇಲೆ ಕಾಯಿಸಬೇಡಿ. ಮುಚ್ಚಿಟ್ಟು, ಒಂದು ಚೂರು ಪ್ಲಾಸ್ಟರಿನ ಮೇಲೆ ಗಂಟೆ ಬರೆದು ಪಾತ್ರೆಗೆ ಅಂಟಿಸಿ. 24 ಗಂಟೆ ಆದ ಮೇಲೆ ಉಳಿದದ್ದು ಗಿಡಕ್ಕೂ ಬೇಡ, ಬಚ್ಚಲಿಗೆ.

ನಿಮಿಷಕ್ಕೊಂದು ಚಮಚ

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಎಂ.ಎಲ್. ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200. ಅದಕ್ಕಿಂತ ದೊಡ್ಡವರು ಎಷ್ಟು ಬೇಕೋ ಅಷ್ಟು. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲು ನಿಲ್ಲಿಸಲೇಬಾರದು, ಪದೇ ಪದೇ ಕೊಡಿ, ನಡುನಡುವೆ ಓಆರ್‌ಎಸ್.

"ಕುಡಿಸಿದ್ದೆಲ್ಲ ವಾಂತಿ ಮಾಡುತ್ತೆ" ಅನ್ನುವ ದೂರು ಹೆಚ್ಚಾಗಿ ಲೋಟದ ದೂರು. ಬಾಯಾರಿದ ಮಗು ಗಟಗಟ ಕುಡಿಯುತ್ತದೆ, ಹೊಟ್ಟೆ ತಿರುಗಿಸಿ ಹಾಕುತ್ತದೆ. ಹತ್ತು ನಿಮಿಷ ಬಿಡಿ. ಆಮೇಲೆ ಚಮಚ ಹಿಡಿಯಿರಿ. ನಿಮಿಷಕ್ಕೊಂದು ಟೀ ಚಮಚ, ಅಂದರೆ 5 ಎಂ.ಎಲ್. ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಗಂಟೆಗೆ 300 ಎಂ.ಎಲ್. ಆಯಿತು. ಕೂತು ಕುಡಿಸಲು ಒಬ್ಬರು ಬೇಕು, ಅಷ್ಟೇ. ನಾದಿನಿಯ ಮಗ ಆಸ್ಪತ್ರೆಯಿಂದ ಬಂದ ಮೇಲೆ ಆ ಕೆಲಸ ನಮ್ಮ ಅತ್ತೆ ಮಾಡಿದರು. ಟಿ.ವಿ. ಧಾರಾವಾಹಿ ನೋಡುತ್ತಾ, ಪ್ರತಿ ಜಾಹೀರಾತಿಗೆ ಮೂರು ಚಮಚ.

ಒಂದು ವಿಷಯ ಮೊದಲೇ ತಿಳಿದಿರಲಿ. ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧವಲ್ಲ. ಹೋದ ನೀರನ್ನು ತುಂಬುತ್ತದೆ. ಭೇದಿ ಎರಡು ಮೂರು ದಿನ ಇರಬಹುದು, ಕೆಲವೊಮ್ಮೆ ಇನ್ನೂ ಜಾಸ್ತಿ. ಇದು ಗೊತ್ತಿಲ್ಲದೆ ಸಂಜೆಗೇ ಬಂದು "ನಿಮ್ ಪೌಡರ್ ಕೆಲಸ ಮಾಡ್ಲಿಲ್ಲ" ಅಂತ ಜಗಳ ಆಡುತ್ತಾರೆ. ಭೇದಿ ನಿಲ್ಲಿಸುವ ಮಾತ್ರೆಯನ್ನು ಚಿಕ್ಕ ಮಕ್ಕಳಿಗೆ ನೀವಾಗಿ ಕೊಡಲೇಬೇಡಿ. ಅದು ಕರುಳನ್ನೇ ಜಡ ಮಾಡುತ್ತದೆ. ಮಕ್ಕಳ ಸಾಮಾನ್ಯ ಭೇದಿ ಬಹುಪಾಲು ವೈರಸ್ಸಿನದು, ಆಂಟಿಬಯಾಟಿಕ್ಕಿನಿಂದ ಉಪಯೋಗವಿಲ್ಲ. ಬೇಕೋ ಬೇಡವೋ ಅನ್ನುವುದನ್ನು ಡಾಕ್ಟರ್ ಹೇಳಲಿ.

ಊಟವನ್ನೂ ನಿಲ್ಲಿಸಬೇಡಿ. ಹೊಟ್ಟೆ ಕೆಟ್ಟರೆ ಲಂಘನ ಅನ್ನುವ ಹಳೆಯ ಲೆಕ್ಕ ಮಕ್ಕಳಿಗೆ ನಡೆಯುವುದಿಲ್ಲ. ಮೆತ್ತಗಿನ ಮೊಸರನ್ನ, ಬೇಳೆಕಟ್ಟು ಹಾಕಿ ಕಲಸಿದ ಅನ್ನ, ಬಾಳೆಹಣ್ಣು, ಸ್ವಲ್ಪ ಸ್ವಲ್ಪ ಹಲವು ಸಲ.

ಜಿಂಕ್ ಮಾತ್ರೆ ಮಕ್ಕಳಿಗೆ ಓಆರ್‌ಎಸ್ ಜೊತೆಗಾರ. ಆರು ತಿಂಗಳಿಂದ ಐದು ವರ್ಷದವರೆಗೆ ದಿನಕ್ಕೊಂದು 20 ಮಿ.ಗ್ರಾಂ. ಮಾತ್ರೆ, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ. ಚಮಚದಲ್ಲಿ ನೀರು ಇಲ್ಲವೇ ಎದೆಹಾಲು ಹಾಕಿದರೆ ಕರಗುತ್ತದೆ. 14 ದಿನ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ. ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿಯಾಗುವುದನ್ನು ತಗ್ಗಿಸುತ್ತದೆ ಅನ್ನುವುದೇ ಅದರ ಲಾಭ. ನಾಲ್ಕು ಮಾತ್ರೆ ಕತ್ತರಿಸಿ ಕೊಡಿ ಅನ್ನುವವರಿಗೆ ನಾನು ಈಗ ಇಲ್ಲ ಅನ್ನುತ್ತೇನೆ.

ಪ್ಯಾಕೆಟ್ ಸಿಗದ ರಾತ್ರಿ

ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಬೇಡ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಉಪ್ಪು ಒಂದು ಚಮಚ ಅಂತ ಕೇಳಿಸಿಕೊಂಡವರಿದ್ದಾರೆ, ಹುಷಾರು, ಅರ್ಧ. ಉಪ್ಪು ಹಾಕಿದ ಅಕ್ಕಿ ಗಂಜಿ, ಉಪ್ಪು ಹಾಕಿದ ನೀರುಮಜ್ಜಿಗೆಯೂ ಆದೀತು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಸೋಡಿಯಂ ಕಡಿಮೆ. ಭೇದಿಯಲ್ಲಿ ಅದೊಂದನ್ನೇ ನೆಚ್ಚಿಕೊಳ್ಳಬಾರದು. ತೆಂಗಿನ ಸೀಮೆಯವಳಾಗಿ ಇದನ್ನು ಹೇಳಲು ಸ್ವಲ್ಪ ಸಂಕಟವೇ. ಇವೆಲ್ಲ ಬೆಳಗಾಗುವ ತನಕ. ಬೆಳಗಾದ ಮೇಲೆ ಪ್ಯಾಕೆಟ್ ತನ್ನಿ. ಆಶಾ ಕಾರ್ಯಕರ್ತೆಯ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ.

ಹಾರ್ಟ್, ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳಿ ಕುಡಿಯಿರಿ. ಇನ್ನು ಬೇಸಿಗೆಯಲ್ಲಿ ದಿನಾ ಒಂದು ಓಆರ್‌ಎಸ್ ಕುಡಿದರೆ ಮುಖಕ್ಕೆ ಹೊಳಪು ಅಂತ ರೀಲ್ಸ್ ನೋಡಿಕೊಂಡು ಬರುವ ಹುಡುಗಿಯರಿದ್ದಾರೆ. ಅವರಿಗೆ ನಾನು ಮಡಕೆ ನೀರು ಕುಡಿಯಲು ಹೇಳುತ್ತೇನೆ.

ಮನೆಯಲ್ಲಿ ಇಟ್ಟುಕೊಳ್ಳಬಾರದ ಲಕ್ಷಣಗಳೂ ಇವೆ. ಮಗು ಕುಡಿಯಲು ಆಗದಷ್ಟು ಸೋತಿದೆ, ಕರೆದರೆ ಸರಿಯಾಗಿ ಕಣ್ಣು ಬಿಡುತ್ತಿಲ್ಲ, ಕಣ್ಣು ಗುಳಿ ಬಿದ್ದಿದೆ, ಚಮಚದಲ್ಲಿ ಕೊಟ್ಟದ್ದೂ ನಿಲ್ಲುತ್ತಿಲ್ಲ, ಭೇದಿಯಲ್ಲಿ ರಕ್ತ ಇದೆ, ಆರು ಗಂಟೆಯಿಂದ ಉಚ್ಚೆ ಹೊಯ್ದಿಲ್ಲ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟು ನೋಡಿ. ತಟ್ಟನೆ ಮಟ್ಟವಾಗಬೇಕು. ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿದರೆ ನೀರು ತುಂಬ ಹೋಗಿದೆ. ಇವುಗಳಲ್ಲಿ ಯಾವುದೊಂದು ಕಂಡರೂ ಹೊರಡಿ. ಗಾಡಿ ಹತ್ತುವಾಗ ಕಲಸಿದ ಓಆರ್‌ಎಸ್ ಬಾಟಲಿಯನ್ನೂ ತಗೊಳ್ಳಿ. ಮಗುವಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ದಾರಿಯುದ್ದಕ್ಕೂ ಚಮಚ ನಡೆಯಲಿ.

ಮನೆಯಲ್ಲಿ ದೊಡ್ಡ ಪ್ಯಾಕೆಟ್ ಎರಡು, ಜಿಂಕ್ ಒಂದು ಶೀಟ್ ಇಟ್ಟುಕೊಂಡಿರಿ. ಒಲೆ ಪಕ್ಕ, ಸಿಂಕ್ ಮೇಲೆ ಬೇಡ, ತೇವ ಹಿಡಿದರೆ ಪುಡಿ ಗಂಟಾಗುತ್ತದೆ. ಪ್ಯಾಕೆಟ್ಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮರಳಿನ ಹಾಗೆ ಸರಸರ ಅನ್ನಬೇಕು. ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ ತೆಗೆದು ತಾರೀಕು ನೋಡಿಬಿಡಿ.